ಚಳಿಗಾಲದಲ್ಲಿ ಮನೆ ಬದಲಾವಣೆ: ಹಿತ್ತಲ ಗಿಡದ ನೀರಿನ ಲೆಕ್ಕ

ವರ್ಗಾವಣೆ, ನಿವೃತ್ತಿ, ಬಾಡಿಗೆ ಕರಾರಿನ ಮುಕ್ತಾಯ – ಕಾರಣ ಯಾವುದೇ ಇರಲಿ, ಮನೆ ಬದಲಿಸುವವರು ಮಂಚ, ಬೀರು, ಪಾತ್ರೆಗಳನ್ನೆಲ್ಲ ಲಾರಿಗೆ ಏರಿಸಿದ ಮೇಲೆ ಹಿತ್ತಲ ಕಡೆ ಒಮ್ಮೆ ನೋಡುವುದುಂಟು. ಅಲ್ಲಿ ಐದಾರು ವರ್ಷ ನೀರೆರೆದು ಬೆಳೆಸಿದ ಮಲ್ಲಿಗೆ ಇರುತ್ತದೆ, ದಾಸವಾಳ ಇರುತ್ತದೆ, ದಿನನಿತ್ಯದ ಒಗ್ಗರಣೆಗೆ ಎಲೆ ಕೊಟ್ಟ ಕರಿಬೇವು ಇರುತ್ತದೆ. ಸರ್ಕಾರಿ ವಸತಿಗೃಹಗಳಲ್ಲಿ ಇದ್ದು ಬಂದ ಶಿಕ್ಷಕ ಮಿತ್ರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಿತ್ತು ಒಯ್ದರೆ ಬದುಕೀತೆ, ಅಥವಾ ಎರಡು ವಾರದಲ್ಲಿ ಒಣಗಿ ಹೋದೀತೆ?

‘ಚಳಿಗಾಲವಾದರೆ ಧೈರ್ಯವಾಗಿ ಕೀಳಿ, ಆಗ ಗಿಡ ನಿದ್ರಿಸುತ್ತಿರುತ್ತದೆ’ ಎಂಬ ಸಲಹೆ ಬಹಳ ಪ್ರಚಲಿತವಾದುದು. ತೋಟಗಾರಿಕೆಯ ಇಂಗ್ಲಿಷ್ ಪುಸ್ತಕಗಳಲ್ಲಿ ಅದು ತಪ್ಪದೆ ಕಾಣುತ್ತದೆ. ಬ್ರಿಟನ್ನಿನಲ್ಲಿ ನವೆಂಬರ್‌ನಿಂದ ಮಾರ್ಚ್‌ವರೆಗೆ ಗುಲಾಬಿ, ಸೇಬು, ಬೇಲಿಗಿಡಗಳನ್ನು ಬೇರಿನ ಮಣ್ಣನ್ನು ಪೂರ್ತಿ ಉದುರಿಸಿ, ಬರಿ ಬೇರಿನಲ್ಲೇ ಮಾರುತ್ತಾರೆ. ಆ ಗಿಡಗಳು ಬದುಕುತ್ತವೆ ಕೂಡ. ಅಲ್ಲಿ ಸರಿಯಾದ ಈ ಸಲಹೆ ಬೆಂಗಳೂರಿನಲ್ಲಿ, ವಿಜಯಪುರದಲ್ಲಿ ಸರಿಯೆ? ಉತ್ತರ ಕಂಡುಕೊಳ್ಳಲು ಗಿಡದೊಳಗೆ ನೀರು ಹೇಗೆ ಹರಿಯುತ್ತದೆ ಎಂಬುದನ್ನು ಮೊದಲು ನೋಡಬೇಕು.

ಮೇಲಿನಿಂದ ಎಳೆಯುವ ಕೊಳವೆ

ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಎಂಬ ಪಾದ್ರಿ 1727ರಲ್ಲಿ ಪ್ರಕಟಿಸಿದ ‘ವೆಜಿಟೆಬಲ್ ಸ್ಟ್ಯಾಟಿಕ್ಸ್’ ಗ್ರಂಥದಲ್ಲಿ ಒಂದು ಸರಳ ಪ್ರಯೋಗವಿದೆ. ಕುಂಡದಲ್ಲಿ ಬೆಳೆದ ಸುಮಾರು ಮೂರೂವರೆ ಅಡಿ ಎತ್ತರದ ಸೂರ್ಯಕಾಂತಿ ಗಿಡ. ಮಣ್ಣಿನಿಂದ ನೀರು ಆವಿಯಾಗದಂತೆ ಕುಂಡದ ಬಾಯಿಗೆ ಸೀಸದ ತಗಡಿನ ಮುಚ್ಚಳ. ಬೆಳಗ್ಗೆ ಮತ್ತು ಸಂಜೆ ತೂಕ. ಹಗಲಿನ 12 ಗಂಟೆಗಳಲ್ಲಿ ಆ ಗಿಡ ಸರಾಸರಿ ಒಂದು ಪೌಂಡ್ ನಾಲ್ಕು ಔನ್ಸ್, ಅಂದರೆ ಸುಮಾರು 570 ಗ್ರಾಂ ನೀರನ್ನು ಗಾಳಿಗೆ ಬಿಡುತ್ತಿತ್ತು. ಬೆಚ್ಚನೆಯ ಒಣ ರಾತ್ರಿಯಲ್ಲಿ ಕಳೆದುಕೊಂಡದ್ದು ಸುಮಾರು ಮೂರು ಔನ್ಸ್ ಮಾತ್ರ. ಈ ಹಗಲು–ರಾತ್ರಿಯ ವ್ಯತ್ಯಾಸವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಇಷ್ಟು ನೀರು ಮೇಲೇರುವುದು ಹೇಗೆ? ಲೋಮನಾಳ ಕ್ರಿಯೆ ಎಂದು ವಿದ್ಯಾರ್ಥಿಗಳು ಥಟ್ಟನೆ ಹೇಳುತ್ತಾರೆ. ಲೆಕ್ಕ ಹಾಕಿ ನೋಡಿ. ಕ್ಸೈಲಂ ನಾಳದ ತ್ರಿಜ್ಯ 20 ಮೈಕ್ರೊಮೀಟರ್ ಎಂದುಕೊಂಡರೆ ಲೋಮನಾಳ ಏರಿಕೆ ಸುಮಾರು 75 ಸೆಂಟಿಮೀಟರ್. ದಾಸವಾಳದ ಅರ್ಧಕ್ಕೂ ಬಾರದು. ನಿಜವಾದ ಎಳೆತ ಎಲೆಯಿಂದ ಬರುತ್ತದೆ. ಪತ್ರರಂಧ್ರಗಳ ಒಳಗೋಡೆಯಿಂದ ನೀರು ಆವಿಯಾದಂತೆ ಅಲ್ಲಿನ ಕೋಶಭಿತ್ತಿಗಳ ಅತಿಸೂಕ್ಷ್ಮ ಸಂದುಗಳಲ್ಲಿ ನೀರಿನ ಮೇಲ್ಮೈ ಒಳಕ್ಕೆ ಬಾಗುತ್ತದೆ. ನೀರಿನ ಅಣುಗಳ ನಡುವಣ ಸಂಸಕ್ತಿ ಬಲದಿಂದಾಗಿ ಈ ಎಳೆತ ಬೇರಿನ ತುದಿಯವರೆಗೆ ಒಂದೇ ಹಗ್ಗದಂತೆ ಮುಟ್ಟುತ್ತದೆ. 1894ರಲ್ಲಿ ಡಬ್ಲಿನ್ನಿನ ಹೆನ್ರಿ ಡಿಕ್ಸನ್ ಮತ್ತು ಜಾನ್ ಜೋಲಿ ಮಂಡಿಸಿದ ವಾದವಿದು. (ನಮ್ಮ ಜಗದೀಶ ಚಂದ್ರ ಬೋಸ್ ಅವರು 1923ರ ತಮ್ಮ ಗ್ರಂಥದಲ್ಲಿ ಜೀವಕೋಶಗಳ ಮಿಡಿತವೇ ರಸವನ್ನು ಮೇಲಕ್ಕೆ ತಳ್ಳುತ್ತದೆಂದು ವಾದಿಸಿದ್ದರು. ಆ ವಾದ ನಿಲ್ಲಲಿಲ್ಲ.) ನಾಳದೊಳಗಿನ ನೀರು ನಿಜಕ್ಕೂ ಋಣ ಒತ್ತಡದಲ್ಲಿರುತ್ತದೆ ಎಂಬುದಕ್ಕೆ ಶೊಲಾಂಡರ್ ಮತ್ತು ಸಂಗಡಿಗರು 1965ರಲ್ಲಿ ಒತ್ತಡ ಕೋಶದ ಮೂಲಕ ಮಾಡಿದ ಅಳತೆಗಳು ಬೆಂಬಲ ನೀಡಿದವು.

ಗಾಳಿಯ ದಾಹ ಎಷ್ಟು ದೊಡ್ಡದೆಂದು ನಾವು ಸಾಮಾನ್ಯವಾಗಿ ಊಹಿಸುವುದಿಲ್ಲ. 25° ಸೆ. ತಾಪದಲ್ಲಿ ಸಾಪೇಕ್ಷ ಆರ್ದ್ರತೆ ಶೇಕಡಾ 50 ಇರುವ ಗಾಳಿಯ ಜಲವಿಭವ ಸುಮಾರು –95 ಮೆಗಾಪಾಸ್ಕಲ್. ಎಂದರೆ 900 ವಾಯುಭಾರಕ್ಕೂ ಹೆಚ್ಚಿನ ಸೆಳೆತ. ಹಸಿ ಮಣ್ಣಿನ ಜಲವಿಭವ ಸೊನ್ನೆಗೆ ಹತ್ತಿರ. ಈ ಎರಡರ ನಡುವೆ ಗಿಡ ನಿಂತಿದೆ. ಪತ್ರರಂಧ್ರಗಳನ್ನು ಮುಚ್ಚಿಕೊಳ್ಳುವುದು ಬಿಟ್ಟರೆ ಅದಕ್ಕೆ ಬೇರೆ ರಕ್ಷಣೆ ಹೆಚ್ಚಿಲ್ಲ.

ಕಿತ್ತಾಗ ಏನಾಗುತ್ತದೆ?

ಗುದ್ದಲಿ ಬಿದ್ದಾಗ ನಾವು ಕಡಿಯುವುದು ದಪ್ಪ ಬೇರುಗಳನ್ನು ಎಂದು ಭಾವಿಸುತ್ತೇವೆ. ನೀರು ಹೀರುವ ಕೆಲಸ ಮುಖ್ಯವಾಗಿ ನಡೆಯುವುದು ತುದಿಯ ಎಳೆ ಬೇರು ಮತ್ತು ಅವುಗಳ ಮೇಲಿನ ಬೇರುರೋಮಗಳಲ್ಲಿ. ಅಮೆರಿಕದ ಹೊವಾರ್ಡ್ ಡಿಟ್ಮರ್ 1937ರಲ್ಲಿ ನಾಲ್ಕು ತಿಂಗಳ ಒಂದೇ ಒಂದು ರೈ ಗಿಡದ ಬೇರುಗಳನ್ನು ಮಣ್ಣಿನಿಂದ ತೊಳೆದು ತೆಗೆದು ಲೆಕ್ಕ ಹಾಕಿದರು. ಬೇರುಗಳ ಒಟ್ಟು ಉದ್ದ ಸುಮಾರು 620 ಕಿಲೋಮೀಟರ್, ಬೇರುರೋಮಗಳ ಸಂಖ್ಯೆ ಸುಮಾರು 1400 ಕೋಟಿ, ಅವುಗಳ ಮೇಲ್ಮೈ 400 ಚದರ ಮೀಟರ್‌ನಷ್ಟು. ಗೋಧಿಯಂಥ ಒಂದು ಹುಲ್ಲುಗಿಡದ ಲೆಕ್ಕವಿದು! ಬೇರುರೋಮ ಎಂದರೆ ಒಂದೇ ಕೋಶದ ಹೊರಚಾಚು. ಮಣ್ಣಿನ ಕಣಗಳಿಗೆ ಅಂಟಿಕೊಂಡಿರುವ ಅದು ಗಿಡ ಎತ್ತಿದೊಡನೆ ಹರಿಯುತ್ತದೆ, ಗಾಳಿಗೆ ತೆರೆದುಕೊಂಡರೆ ನಿಮಿಷಗಳಲ್ಲಿ ಒಣಗುತ್ತದೆ.

ಹೀಗಾಗಿ ಕಿತ್ತ ಗಿಡವೆಂದರೆ ಮೇಲೆ ಪಂಪು ಓಡುತ್ತಿದ್ದು ಕೆಳಗೆ ಬಾವಿಯಿಂದ ಕೊಳವೆ ಕಿತ್ತು ಬಂದ ಸ್ಥಿತಿ. ಎಳೆತ ಹೆಚ್ಚುತ್ತದೆ. ಒಂದು ಹಂತದಲ್ಲಿ ನಾಳದ ನೀರಿನ ಹಗ್ಗ ಕಡಿದು ಗಾಳಿಗುಳ್ಳೆ ತುಂಬುತ್ತದೆ. ಗುಳ್ಳೆ ತುಂಬಿದ ನಾಳ ಮತ್ತೆ ನೀರು ಸಾಗಿಸುವುದು ಕಷ್ಟ. ನೆಟ್ಟ ಮೇಲೆ ಬಿಂದಿಗೆಗಟ್ಟಲೆ ನೀರು ಸುರಿದರೂ ಗಿಡ ಬಾಡಿಯೇ ಇರುವುದು ಇದರಿಂದಲೇ. ನೀರು ಪಕ್ಕದಲ್ಲೇ ಇದೆ, ಒಯ್ಯುವ ದಾರಿ ಇಲ್ಲ.

ಆದ್ದರಿಂದ ಗಿಡದ ಉಳಿವು ಒಂದು ಓಟದ ಮೇಲೆ ನಿಂತಿದೆ. ಹೊಸ ಎಳೆ ಬೇರು ಹುಟ್ಟುವವರೆಗೆ ಎಲೆಗಳ ಖರ್ಚು ಉಳಿದ ಬೇರಿನ ಆದಾಯವನ್ನು ಮೀರಬಾರದು. ಋತುವಿನ ಪ್ರಶ್ನೆಯನ್ನು ಈಗ ಕೇಳಬಹುದು.

ಯಾವ ಚಳಿಗಾಲ?

ಎಲೆಯ ಖರ್ಚನ್ನು ನಿರ್ಧರಿಸುವುದು ತಾಪ ಒಂದೇ ಅಲ್ಲ, ಗಾಳಿಯ ಬಾಷ್ಪ ಒತ್ತಡದ ಕೊರತೆ. ಆ ತಾಪದಲ್ಲಿ ಗಾಳಿ ಹಿಡಿಯಬಲ್ಲ ಸಂತೃಪ್ತ ಬಾಷ್ಪ ಒತ್ತಡದಿಂದ ವಾಸ್ತವವಾಗಿ ಇರುವ ಬಾಷ್ಪ ಒತ್ತಡವನ್ನು ಕಳೆದರೆ ಸಿಗುವ ಸಂಖ್ಯೆ ಇದು. ಭೌತವಿಜ್ಞಾನದ ಕೋಷ್ಟಕಗಳಿಂದ ಸಂತೃಪ್ತ ಒತ್ತಡವನ್ನೂ ಪತ್ರಿಕೆಯ ಹವಾಮಾನ ವರದಿಯಿಂದ ಆರ್ದ್ರತೆಯನ್ನೂ ತೆಗೆದುಕೊಂಡು ಯಾರು ಬೇಕಾದರೂ ಲೆಕ್ಕ ಹಾಕಬಹುದು. ಕೆಳಗಿನ ತಾಪ–ಆರ್ದ್ರತೆಗಳು ನಿರ್ದಿಷ್ಟ ದಿನದವಲ್ಲ. ಆಯಾ ಕಾಲಕ್ಕೆ ಹೊಂದುವಂಥ ಬೆಲೆಗಳನ್ನು ಲೆಕ್ಕಕ್ಕಾಗಿ ಆರಿಸಿಕೊಂಡಿದ್ದೇನೆ.

ಲಂಡನ್ನಿನ ಜನವರಿ: 5° ಸೆ., ಆರ್ದ್ರತೆ ಶೇ. 85. ಸಂತೃಪ್ತ ಒತ್ತಡ 0.87 ಕಿಲೋಪಾಸ್ಕಲ್, ಕೊರತೆ 0.13.
ಬೆಂಗಳೂರಿನ ಜುಲೈ ಮಧ್ಯಾಹ್ನ: 27° ಸೆ., ಶೇ. 70. ಸಂತೃಪ್ತ ಒತ್ತಡ 3.57, ಕೊರತೆ 1.07.
ಬೆಂಗಳೂರಿನ ಡಿಸೆಂಬರ್ ಮಧ್ಯಾಹ್ನ: 27° ಸೆ., ಶೇ. 40. ಕೊರತೆ 2.14.
ಬೆಂಗಳೂರಿನ ಏಪ್ರಿಲ್ ಮಧ್ಯಾಹ್ನ: 34° ಸೆ., ಶೇ. 30. ಸಂತೃಪ್ತ ಒತ್ತಡ 5.32, ಕೊರತೆ 3.7.

ನಮಗೆ ಹಿತವೆನಿಸುವ ಡಿಸೆಂಬರ್ ಮಧ್ಯಾಹ್ನ ಗಿಡದ ಪಾಲಿಗೆ ಜುಲೈ ಮಧ್ಯಾಹ್ನಕ್ಕಿಂತ ಎರಡು ಪಟ್ಟು ಒಣ. ಲಂಡನ್ನಿನ ಚಳಿಗಾಲಕ್ಕೆ ಹೋಲಿಸಿದರೆ ಹದಿನಾರು ಪಟ್ಟು. ಇನ್ನೂ ಒಂದು ಮಾತು. ಲಂಡನ್ನಿನ ಗುಲಾಬಿಗೆ ಆಗ ಎಲೆಯೇ ಇರುವುದಿಲ್ಲ. ನಮ್ಮ ಕರಿಬೇವು, ದಾಸವಾಳಗಳಿಗೆ ಎಲೆ ಇರುತ್ತದೆ. ಶೀತದೇಶಗಳಲ್ಲಿ ಚಳಿಗಾಲದ ನಾಟಿ ಗೆಲ್ಲುವುದು ಚಳಿಯಿಂದಲ್ಲ. ಚಳಿ ಒಂದು ತೊಡಕೇ ಹೌದು: 25° ಸೆ.ನಲ್ಲಿ ಇರುವುದಕ್ಕಿಂತ 5° ಸೆ.ನಲ್ಲಿ ನೀರಿನ ಸ್ನಿಗ್ಧತೆ ಶೇ. 70ರಷ್ಟು ಹೆಚ್ಚು, ಬೇರು ಹೀರುವುದು ಅಷ್ಟು ನಿಧಾನ. ಗೆಲುವಿಗೆ ಕಾರಣ ಎಲೆ ಇಲ್ಲದಿರುವುದು ಮತ್ತು ತೇವದ ಗಾಳಿ. ಅಲ್ಲಿ ಚಳಿಯನ್ನು ನೇರವಾಗಿ ಬಳಸಿಕೊಂಡ ಉಪಾಯವೂ ಒಂದಿದೆ. 1664ರಲ್ಲಿ ಮೊದಲು ಅಚ್ಚಾದ ‘ಸಿಲ್ವ’ ಎಂಬ ಮರಗಳ ಗ್ರಂಥದ ಕರ್ತೃ ಜಾನ್ ಈವ್ಲಿನ್, ಮರದ ಸುತ್ತ ಕಂದಕ ತೋಡಿ, ಹಿಮ ಬಿದ್ದು ಬೇರಿನ ಮಣ್ಣು ಕಲ್ಲಿನಂತೆ ಹೆಪ್ಪುಗಟ್ಟಿದ ಮೇಲೆ ಇಡೀ ಮುದ್ದೆಯನ್ನು ಎತ್ತಿ ಸಾಗಿಸುವ ವಿಧಾನವನ್ನು ವಿವರಿಸಿದ್ದಾನೆ.

ನಮ್ಮ ಚಳಿಗಾಲಕ್ಕೂ ಒಂದು ಒಳ್ಳೆಯ ಗುಣವಿದೆ. ಬೆಳಗಿನ ಜಾವದ 16° ಸೆ. ತಾಪ, ಶೇ. 90 ಆರ್ದ್ರತೆಯಲ್ಲಿ ಕೊರತೆ 0.18ಕ್ಕೆ ಇಳಿಯುತ್ತದೆ. ರಾತ್ರಿಯೂ ದೀರ್ಘ. ಹಗಲಿನ ನಷ್ಟವನ್ನು ಗಿಡ ರಾತ್ರಿ ತುಂಬಿಕೊಳ್ಳಬಹುದು. ಮಣ್ಣು ಬೆಚ್ಚಗಿರುವುದರಿಂದ ಬೇರು ಬೆಳೆಯುವುದು ನಿಲ್ಲುವುದಿಲ್ಲ. ನನ್ನನ್ನು ಕಾಡುವುದು ಡಿಸೆಂಬರ್ ಅಲ್ಲ, ಅದರ ಮುಂದಿನ ತಿಂಗಳುಗಳು. ಬ್ರಿಟನ್ನಿನಲ್ಲಿ ಚಳಿಗಾಲದ ಬೆನ್ನಿಗೆ ತಂಪಾದ ವಸಂತ ಬರುತ್ತದೆ. ನಮ್ಮಲ್ಲಿ ಬರುವುದು ಮಾರ್ಚ್, ಏಪ್ರಿಲ್. ಜನವರಿ ಕೊನೆಯಲ್ಲಿ ನೆಟ್ಟ ಗಿಡಕ್ಕೆ ಬೇರು ಬಿಡಲು ಐದಾರು ವಾರವಷ್ಟೇ ಸಿಗುತ್ತದೆ. ಹಿಂಗಾರು ಮಳೆ ನಿಂತ ಹೊಸತರಲ್ಲಿ, ನವೆಂಬರ್ ಕೊನೆಗೆ ನೆಟ್ಟದ್ದಕ್ಕೆ ಮೂರು ತಿಂಗಳು ಸಿಗುತ್ತದೆ. ಚಳಿಗಾಲದಲ್ಲೇ ಕೀಳಬೇಕಾದರೆ ಆರಂಭದಲ್ಲಿ ಕೀಳುವುದು ಲೇಸು.

ಪಂಚಾಂಗ ಇಲ್ಲಿ ಗಿಡದ ಪರವಾಗಿಲ್ಲ. ಆಷಾಢದಲ್ಲಿ ಗೃಹಪ್ರವೇಶ ಮಾಡುವವರು ಕಡಿಮೆ, ಗಿಡಕ್ಕೆ ಅದಕ್ಕಿಂತ ಒಳ್ಳೆಯ ಮುಹೂರ್ತ ಇಲ್ಲ. ಧನುರ್ಮಾಸ ಬೇಡವೆಂದು ಸಂಕ್ರಾಂತಿ ಕಳೆದ ಮೇಲೆ ಹೊರಡುತ್ತಾರೆ, ಆಗ ಹೊತ್ತು ಮೀರುತ್ತಿರುತ್ತದೆ. ಗಿಡವನ್ನು ಮನೆಮಂದಿಗಿಂತ ಮೊದಲೇ ಕಳುಹಿಸುವುದಕ್ಕೆ ಯಾವ ಪಂಚಾಂಗದ ಅಡ್ಡಿಯೂ ಇರಲಾರದು.

ಆರನೆಯ ಶತಮಾನದ ವರಾಹಮಿಹಿರನ ‘ಬೃಹತ್ಸಂಹಿತೆ’ಯ ವೃಕ್ಷಾಯುರ್ವೇದ ಅಧ್ಯಾಯದಲ್ಲಿ ಈ ವಿಷಯ ಬಂದಿದೆ. ಕೊಂಬೆ ಒಡೆಯದ ಎಳೆ ಗಿಡಗಳನ್ನು ಶಿಶಿರದಲ್ಲಿ, ಕೊಂಬೆ ಬಂದವನ್ನು ಹಿಮದ ಕಾಲ ಬರುವಾಗ, ದಪ್ಪ ಕಾಂಡದವನ್ನು ಮಳೆಗಾಲ ಬರುವಾಗ ನೆಡಬೇಕೆಂಬುದು ಅಲ್ಲಿನ ಸೂಚನೆ. ಎಲೆ ಹೆಚ್ಚಿದಷ್ಟೂ, ಬೇರು ಹೆಚ್ಚು ಕಡಿದಷ್ಟೂ ತೇವದ ಋತುವಿಗೆ ಕಾಯಬೇಕು ಎಂಬ ಅರ್ಥ ಅದರಲ್ಲಿದೆ. ನಮ್ಮ ಲೆಕ್ಕಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ತುಪ್ಪ, ಎಳ್ಳು, ಜೇನು, ಹಾಲು, ಸಗಣಿ ಮೊದಲಾದವನ್ನು ಬೇರಿನಿಂದ ಕಾಂಡದವರೆಗೆ ಲೇಪಿಸಬೇಕೆಂದೂ ಹೇಳಿದೆ. ಲೇಪ ಒಣಗುವಿಕೆಯನ್ನು ಒಂದಷ್ಟು ತಡೆದೀತು, ಆದರೆ ನೀರಿನ ನಷ್ಟದ ಬಹುಪಾಲು ಎಲೆಯಲ್ಲಿ. ತುಪ್ಪವನ್ನು ಹೋಳಿಗೆಗೆ ಉಳಿಸಿಕೊಂಡು ಕಾಂಡಕ್ಕೆ ಒದ್ದೆ ಗೋಣಿ ಸುತ್ತಿದರೆ ಸಾಕು.

ಎಲ್ಲ ಗಿಡವೂ ಒಂದೇ ಅಲ್ಲ. ನಮ್ಮಲ್ಲೂ ಚಳಿಗಾಲದಲ್ಲಿ ಎಲೆ ಉದುರಿಸುವವು ಇವೆ. ದೇವಕಣಗಿಲೆ ಆಗ ಬರಿ ಕೊಂಬೆಯಾಗಿ ನಿಲ್ಲುತ್ತದೆ, ಅದನ್ನು ಧಾರಾಳವಾಗಿ ಕೀಳಬಹುದು. ಸವರುವ ಕಾಲವೂ ಅದೇ ಆದ್ದರಿಂದ ಮಲ್ಲಿಗೆಯನ್ನು ಗಿಡ್ಡ ಮಾಡಿ ಒಯ್ಯಬಹುದು. ದಾಸವಾಳ, ನುಗ್ಗೆಗಳಿಗೆ ಕಡ್ಡಿ ಅಥವಾ ಗೂಟ ಕತ್ತರಿಸಿಕೊಂಡು ಹೋಗುವುದೇ ಜಾಣತನ. ಪರಂಗಿಯ ಆಸೆ ಬಿಡಿ. ಕರಿಬೇವು ಕಷ್ಟದ್ದು, ತಾಯಿಬೇರು ಆಳಕ್ಕೆ ಇಳಿದಿರುತ್ತದೆ. ಬುಡದ ಸುತ್ತ ಬೇರಿನಿಂದ ಎದ್ದ ಮರಿಗಳಿದ್ದರೆ ಅವನ್ನೇ ಬೇರುಸಹಿತ ತೆಗೆದುಕೊಳ್ಳಬೇಕು.

ಅಮೆರಿಕ, ಇಂಗ್ಲೆಂಡುಗಳಲ್ಲಿ ನೆಲೆಸಿದ ಕನ್ನಡಿಗರು ಕುಂಡದ ಕರಿಬೇವನ್ನು ಚಳಿಗಾಲದಲ್ಲಿ ಮನೆಯೊಳಗೆ ತಂದಿಟ್ಟರೂ ಎಲೆ ಉದುರಿತೆಂದು ಹೇಳುವುದುಂಟು. ಇದಕ್ಕೂ ಅದೇ ಲೆಕ್ಕ. ಹೊರಗಿನ 5° ಸೆ., ಶೇ. 85ರ ಗಾಳಿಯನ್ನು ಒಳಗೆ 22° ಸೆ.ಗೆ ಕಾಯಿಸಿದರೆ ಆರ್ದ್ರತೆ ಶೇ. 28ಕ್ಕೆ ಕುಸಿಯುತ್ತದೆ, ಕೊರತೆ 1.9 ಆಗುತ್ತದೆ. ಬೆಂಗಳೂರಿನ ಡಿಸೆಂಬರ್ ಮಧ್ಯಾಹ್ನದಷ್ಟೇ ಒಣ, ಅದೂ ಹಗಲು ರಾತ್ರಿ, ಬಿಸಿಲು ಮಾತ್ರ ಸಾಲದು.

ಮಣ್ಣಿನ ಮುದ್ದೆ

ಬೇರಿನೊಂದಿಗೆ ಎಷ್ಟು ಮಣ್ಣು ಎತ್ತಬೇಕು? ಕಾಂಡದ ವ್ಯಾಸದ 10ರಿಂದ 12 ಪಟ್ಟು ವ್ಯಾಸದ ಮುದ್ದೆ ಇರಲಿ ಎಂಬುದು ನರ್ಸರಿಗಳ ರೂಢಿ. ಇದರಲ್ಲಿ ಒಂದು ಮೋಸ ಅಡಗಿದೆ. ಕಾಂಡ 2.5 ಸೆಂ.ಮೀ. ಇದ್ದರೆ ಮುದ್ದೆ 30 ಸೆಂ.ಮೀ. ಅಗಲ, ಆಳ 20 ಸೆಂ.ಮೀ. ಎನ್ನೋಣ. ಘನಗಾತ್ರ ಸುಮಾರು 14 ಲೀಟರ್, ಹಸಿ ಮಣ್ಣಿನ ಸಾಂದ್ರತೆ 1.6 ಎಂದರೆ ತೂಕ 23 ಕಿಲೋಗ್ರಾಂ. ಒಬ್ಬರು ಎತ್ತಬಹುದು. ಕಾಂಡ 5 ಸೆಂ.ಮೀ. ಆದರೆ ಎಲ್ಲ ಅಳತೆಯೂ ಇಮ್ಮಡಿ, ತೂಕ ಎಂಟು ಮಡಿ: 180 ಕಿಲೋಗ್ರಾಂ. ‘ಸ್ವಲ್ಪ ದೊಡ್ಡ ಗಿಡ ಅಷ್ಟೇ’ ಎಂದು ಹೊರಟವರು ಮುದ್ದೆ ಎತ್ತಲಾಗದೆ ಮಣ್ಣು ಉದುರಿಸಿ ಬೇರನ್ನು ಬೆತ್ತಲೆ ಮಾಡುವುದು ಇಲ್ಲೇ. ಕಾಂಡ ಹೆಬ್ಬೆರಳಿಗಿಂತ ಬಹಳ ದಪ್ಪವಾಗಿದ್ದರೆ ಕಡ್ಡಿ ನೆಡುವ ಅಥವಾ ಗೂಟಿ ಕಟ್ಟುವ ಯೋಚನೆ ಮಾಡಿ.

ಮನೆ ಬಿಡುವ ದಿನ ಒಂದೂವರೆ ಎರಡು ತಿಂಗಳ ಮುಂಚೆ ಗೊತ್ತಿದ್ದರೆ ಒಂದು ಉಪಾಯವಿದೆ. ಮುದ್ದೆಯ ಅಳತೆಗಿಂತ ತುಸು ಒಳಗೆ, ಬುಡದ ಅರ್ಧ ಸುತ್ತಿಗೆ ಸನಿಕೆಯನ್ನು ನೇರವಾಗಿ ಇಳಿಸಿ ಬೇರು ಕಡಿದು ಕಾಲುವೆಗೆ ಹಳೆ ಗೊಬ್ಬರದ ಮಣ್ಣು ತುಂಬಿ ನೀರು ಕೊಡಬೇಕು. ಮೂರು ವಾರದ ಮೇಲೆ ಉಳಿದ ಅರ್ಧ. ಕಡಿದ ತುದಿಗಳಿಂದ ಹೊಸ ಎಳೆ ಬೇರುಗಳು ಹೊರಡುತ್ತವೆ. ದೂರ ಹರಡಿದ್ದ ಹೀರುವ ಬೇರುಗಳನ್ನು ಮುದ್ದೆಯೊಳಕ್ಕೆ ಕರೆಸಿಕೊಂಡ ಹಾಗೆ. ನನ್ನ ಅಭಿಪ್ರಾಯದಲ್ಲಿ ಋತುವಿನ ಆಯ್ಕೆಗಿಂತ ಇದು ಹೆಚ್ಚು ಫಲಕಾರಿ. ಕೀಳುವ ಹಿಂದಿನ ಸಂಜೆ ಮಣ್ಣು ಚೆನ್ನಾಗಿ ನೆನೆದಿರಲಿ. ಒಣ ಮಣ್ಣಿನ ಮುದ್ದೆ ಒಡೆಯುತ್ತದೆ.

ಎಲೆ ಸವರಬೇಕೆ? ಹಿಂದೆ ಅರ್ಧಕ್ಕರ್ಧ ಸವರಿ ಎನ್ನುತ್ತಿದ್ದರು. ಈಗ ಅಷ್ಟು ಬೇಡವೆನ್ನುತ್ತಾರೆ, ಏಕೆಂದರೆ ಬೇರು ಬೆಳೆಯಲು ಬೇಕಾದ ಸಕ್ಕರೆ ತಯಾರಾಗುವುದು ಎಲೆಯಲ್ಲೇ. ಎಲೆ ತುಂಬಿದ ಗಿಡವನ್ನು ನಮ್ಮ ಒಣ ಹವೆಯಲ್ಲಿ ಕೀಳುವಾಗ ಮೂರನೆಯ ಒಂದು ಭಾಗ ತೆಗೆಯುವುದು ನನಗೆ ಸರಿಯೆನಿಸುತ್ತದೆ.

ಟೆಂಪೋದಲ್ಲಿ

ಸಾಗಣೆಯ ಅಪಾಯವನ್ನು ಹಲವರು ಗಮನಿಸುವುದಿಲ್ಲ. ಎಲೆಯ ಮೇಲೆ ಅಲುಗಾಡದ ಗಾಳಿಯ ಒಂದು ತೆಳು ಪದರ ಅಂಟಿಕೊಂಡಿದ್ದು ಆವಿ ಹೊರಹೋಗುವುದನ್ನು ತಡೆಯುತ್ತದೆ. ಮಿಲಿಮೀಟರ್‌ಗಳಲ್ಲಿ ಇದರ ದಪ್ಪ ಸ್ಥೂಲವಾಗಿ, ಎಲೆಯ ಉದ್ದವನ್ನು (ಮೀಟರ್) ಗಾಳಿಯ ವೇಗದಿಂದ (ಸೆಕೆಂಡಿಗೆ ಮೀಟರ್) ಭಾಗಿಸಿ, ವರ್ಗಮೂಲ ತೆಗೆದು, 4ರಿಂದ ಗುಣಿಸಿದಷ್ಟು. 10 ಸೆಂ.ಮೀ. ಎಲೆಗೆ, ಹಿತ್ತಲಿನ ಸೆಕೆಂಡಿಗೆ 0.4 ಮೀಟರ್ ತಂಗಾಳಿಯಲ್ಲಿ ದಪ್ಪ 2 ಮಿ.ಮೀ. ಗಂಟೆಗೆ 40 ಕಿಲೋಮೀಟರ್ ವೇಗದ ತೆರೆದ ಟೆಂಪೋದಲ್ಲಿ 0.4 ಮಿ.ಮೀ.ಗೂ ಕಡಿಮೆ. ತಡೆ ಐದನೆಯ ಒಂದು ಭಾಗಕ್ಕೆ ಇಳಿಯಿತು. ಆದ್ದರಿಂದ ಮುದ್ದೆಗೆ ಒದ್ದೆ ಗೋಣಿ ಸುತ್ತಿ ಹುರಿಯಿಂದ ಬಿಗಿದು, ಎಲೆಗಳಿಗೆ ಹಳೆಯ ಹತ್ತಿ ಸೀರೆ ನೆನೆಸಿ ಹೊದಿಸಬೇಕು. ಸಂಜೆ ಕಿತ್ತು ರಾತ್ರಿ ಸಾಗಿಸಿದರೆ ಇನ್ನೂ ಒಳ್ಳೆಯದು. ಕತ್ತಲಲ್ಲಿ ಹೆಚ್ಚಿನ ಗಿಡಗಳ ಪತ್ರರಂಧ್ರ ಮುಚ್ಚಿರುತ್ತದೆ, ಗಾಳಿಯ ಕೊರತೆಯೂ ಕಡಿಮೆ. ಹೇಲ್ಸ್‌ನ ಸೂರ್ಯಕಾಂತಿ ರಾತ್ರಿ ಕಳೆದುಕೊಂಡ ಮೂರು ಔನ್ಸ್ ನೆನಪಿಗೆ ಬರಲಿ.

ಹೊಸ ಗುಂಡಿಯಲ್ಲಿ

ಗುಂಡಿ ಮುದ್ದೆಗಿಂತ ಎರಡು ಪಟ್ಟು ಅಗಲವಿರಲಿ, ಆಳ ಮುದ್ದೆಯಷ್ಟೇ ಸಾಕು. ಅದೇ ಮಣ್ಣನ್ನು ಸುತ್ತ ತುಂಬಿ ಕೈಯಿಂದ ಅದುಮಿ, ನೀರು ಹಾಯಿಸಿ ಸಂದುಗಳ ಗಾಳಿ ಹೊರಡಿಸಬೇಕು. ಬೇರಿಗೂ ಮಣ್ಣಿಗೂ ನಡುವೆ ಒಂದು ಮಿಲಿಮೀಟರ್ ಗಾಳಿ ಇದ್ದರೂ ಲೋಮನಾಳ ಸಂಪರ್ಕ ಕಡಿದಂತೆ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ತೆಂಗಿನ ನಾರಿನ ಪುಡಿಯಲ್ಲಿ ಬೆಳೆದ ಗಿಡವನ್ನು ಕೆಂಪು ಜೇಡಿಮಣ್ಣಿನಲ್ಲಿ ನೆಟ್ಟಿರಿ ಎನ್ನೋಣ. ಪುಡಿಯ ರಂಧ್ರಗಳು ದೊಡ್ಡವು, ಜೇಡಿಯವು ಸಣ್ಣವು. ರಂಧ್ರ ಸಣ್ಣದಾದಷ್ಟೂ ಲೋಮನಾಳ ಸೆಳೆತ ಹೆಚ್ಚು. ಹಾಗಾಗಿ ಸುತ್ತಣ ಮಣ್ಣು ಬೇರಿನ ಮುದ್ದೆಯಿಂದಲೇ ನೀರನ್ನು ಕಸಿದುಕೊಳ್ಳುತ್ತದೆ. ಎರಡು ಅಡಿ ಆಚೆ ಮಾಡಿದ ಪಾತಿ ಒದ್ದೆಯಾಗಿ ಕಾಣುತ್ತದೆ, ಬೇರು ಒಣಗಿರುತ್ತದೆ. ಬೇರು ಹೊರಗೆ ಚಾಚುವವರೆಗೆ ನೀರನ್ನು ಕಾಂಡದ ಬುಡದ ಮುದ್ದೆಯ ಮೇಲೇ ಹಾಕಬೇಕು. ಬೆರಳನ್ನು ಮುದ್ದೆಯೊಳಗೆ ಎರಡು ಗೆಣ್ಣು ಇಳಿಸಿ ನೋಡುವುದಕ್ಕಿಂತ ಉತ್ತಮ ಉಪಕರಣವಿಲ್ಲ. ಅತಿಯಾದ ನೀರೂ ಕೆಡುಕೇ. ರಂಧ್ರಗಳೆಲ್ಲ ನೀರಿನಿಂದ ತುಂಬಿದರೆ ಬೇರಿಗೆ ಆಕ್ಸಿಜನ್ ತಲುಪದು.

ಮೊದಲ ಎರಡು ಮೂರು ವಾರ ಮಧ್ಯಾಹ್ನದ ಬಿಸಿಲಿಗೆ ತೆಂಗಿನ ಗರಿ ಅಥವಾ ನೆರಳುಬಲೆಯ ಮರೆ ಇರಲಿ. ಬುಡದ ಸುತ್ತ ಒಣ ಎಲೆ ಹರಡಿ, ಕಾಂಡಕ್ಕೆ ತಾಗಿಸಬೇಡಿ. ಗೊಬ್ಬರ ಈಗ ಬೇಡ. ಲವಣ ಹೆಚ್ಚಿದ ಮಣ್ಣಿನ ನೀರನ್ನು ಹೀರುವುದು ಗಾಯಗೊಂಡ ಬೇರಿಗೆ ಇನ್ನೂ ಕಷ್ಟ.

ಶಾಲೆಯಲ್ಲಿ ಇದನ್ನು ಪ್ರಯೋಗವಾಗಿ ತೋರಿಸಬಹುದು. ಒಂದೇ ಗಾತ್ರದ ಎರಡು ಕುಂಡದ ಗಿಡಗಳಲ್ಲಿ ಒಂದನ್ನು ಬೇರು ಕಡಿದು ಮತ್ತೆ ನೆಡಿ. ಕುಂಡಗಳನ್ನು ಪ್ಲಾಸ್ಟಿಕ್ ಚೀಲದಿಂದ ಮುಚ್ಚಿ ಕಾಂಡದ ಬುಡದಲ್ಲಿ ಕಟ್ಟಿ. ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಬೆಳಗ್ಗೆ ಎಂಟಕ್ಕೆ, ಮಧ್ಯಾಹ್ನ ಎರಡಕ್ಕೆ, ಸಂಜೆ ಆರಕ್ಕೆ ತೂಗಿ. ಪಕ್ಕದಲ್ಲಿ ಒಣ ಮತ್ತು ಒದ್ದೆ ಬುರುಡೆಯ ತಾಪಮಾಪಕಗಳಿದ್ದರೆ ಬಾಷ್ಪ ಒತ್ತಡದ ಕೊರತೆಯನ್ನೂ ಬರೆದಿಟ್ಟುಕೊಳ್ಳಿ. ಬೇರು ಕಡಿದ ಗಿಡದ ಪತ್ರರಂಧ್ರ ಮುಚ್ಚಿರುವುದರಿಂದ ಮೊದಲ ದಿನಗಳಲ್ಲಿ ಅದು ಕಳೆದುಕೊಳ್ಳುವ ತೂಕ ಕಡಿಮೆ ಇರುತ್ತದೆ. ಹೊಸ ಬೇರು ಬಂದಂತೆ ಎರಡೂ ಗಿಡಗಳ ಅಂಕಿಗಳು ಹತ್ತಿರವಾಗುತ್ತ ಹೋಗಬೇಕು. ಎಷ್ಟನೆಯ ದಿನಕ್ಕೆ ಕೂಡುತ್ತವೆ ಎಂಬುದನ್ನು ಡಿಸೆಂಬರ್‌ನಲ್ಲಿ ಒಮ್ಮೆ, ಜುಲೈನಲ್ಲಿ ಒಮ್ಮೆ ಅಳೆದು ಹೋಲಿಸಬಹುದು.